ಸ್ಕ್ಯಾನ್ ಮಾಡಿದ ಮೇಲೆ ಹಳೆ ಫೋಟೊ ಬಿಸಾಡಬಹುದಾ?

ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಮೂಲಮನೆಯನ್ನು ಇಳಿಸುವುದೆಂದು ಕಳೆದ ಬೇಸಗೆಯಲ್ಲಿ ತೀರ್ಮಾನ ಆಯಿತು. ಮಾಡಿನ ಮರಗಳಾದ ಪಕ್ಕಾಸು, ರೀಪುಗಳಿಗೆ ಗೆದ್ದಲು ಹಿಡಿದಿತ್ತು. ಅಲ್ಲಿ ಇರುವವರೂ ಯಾರಿಲ್ಲ. ಹೆಂಚು ಯಾರಿಗೆ, ಬಾಗಿಲು ಯಾರಿಗೆ, ಹಿತ್ತಾಳೆ ಕೊಪ್ಪರಿಗೆ ಯಾರಿಗೆ ಎಂಬ ಮಾತೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಮುಗಿಯದೆ ಉಳಿದದ್ದು ಫೋಟೊಗಳ ವಿಷಯ. ಚಾವಡಿಯ ಗೋಡೆಯಲ್ಲಿ ಫ್ರೇಮ್ ಹಾಕಿಸಿ ತೂಗಿಸಿದ್ದು ಕೆಲವು. ಅಟ್ಟದ ಟ್ರಂಕಿನಲ್ಲಿ ಒಂದಷ್ಟು. ಅಪ್ಪನ ನೆಗೆಟಿವ್‌ಗಳು ಒಂದು ಬಿಸ್ಕೆಟ್ ಡಬ್ಬದಲ್ಲಿ.

ಮುಂಬೈಯ ಬಾವ ಫೋನಿನಲ್ಲಿ ಹೇಳಿದರು, "ಎಲ್ಲ ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವಿಗೆ ಹಾಕಿ ಕೊಡು ಮಾರಾಯ್ತಿ. ಮತ್ತೆ ಆ ಕಾಗದ ಇಟ್ಟುಕೊಂಡು ಎಂತ ಮಾಡುದು? ನಮ್ಮ ಫ್ಲಾಟಿನಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ." ಬೆಂಗಳೂರಿನ ತಮ್ಮನದೂ ಅದೇ ಮಾತು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೂ ನನಗೆ ಒಪ್ಪಿಗೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಆಗ ಸರಿಯಾಗಿ ಹೇಳಲಿಕ್ಕೂ ಬರಲಿಲ್ಲ. ಅಜ್ಜಿಯ ಫೋಟೊ ನೋಡಿದ ಮೇಲೆ ಬಂತು.

ಅಜ್ಜಿಯದ್ದು ಅಂತ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಫೋಟೊ. ಚಾವಡಿಯಲ್ಲಿ ದೇವರ ಪಟಗಳ ಪಕ್ಕ ತೂಗುತ್ತಿದ್ದ ದೊಡ್ಡ ಕಪ್ಪು ಬಿಳುಪು ಫೋಟೊ. ಎದೆಯ ಮೇಲಿನ ಭಾಗ ಮಾತ್ರ. ಕೊರಳಲ್ಲಿ ಎದ್ದು ಕಾಣುವ ಪವನಿನ ಸರ, ಅಂದರೆ ಚಿನ್ನದ ನಾಣ್ಯಗಳನ್ನು ಪೋಣಿಸಿದ್ದು. ನಾವು ಮೊಮ್ಮಕ್ಕಳೆಲ್ಲ ಅದನ್ನು ನೋಡಿಯೇ ಬೆಳೆದವರು. ಆ ಸರ ಎಲ್ಲಿ ಹೋಯಿತು ಎಂಬ ಪ್ರಶ್ನೆಯ ಜತೆಗೂ ಬೆಳೆದವರು. ಅಜ್ಜಿಯನ್ನು ಕೊನೆಗಾಲದಲ್ಲಿ ನೋಡಿಕೊಂಡವರು ಚಿಕ್ಕಮ್ಮ. ಹಾಗಾಗಿ ಮಾತು ಅವರ ಕಡೆಗೇ ತಿರುಗುತ್ತಿತ್ತು. ಎದುರು ಯಾರೂ ಹೇಳಲಿಲ್ಲ. ಆದರೆ ಮದುವೆ, ಮುಂಜಿ, ಬೊಜ್ಜ (ಉತ್ತರಕ್ರಿಯೆ) ಎಲ್ಲಿ ನಾಲ್ಕು ಜನ ಹೆಂಗಸರು ಸೇರಿದರೂ ಒಂದು ಮಾತು ಬಂದೇ ಬರುತ್ತಿತ್ತು. ಚಿಕ್ಕಮ್ಮನಿಗೂ ಅದು ಗೊತ್ತಿತ್ತು.

ಟ್ರಂಕು ಇಳಿಸಿದಾಗ ಅಂಗೈಯಷ್ಟು ದೊಡ್ಡ ಒಂದು ಫೋಟೊ ಸಿಕ್ಕಿತು. ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಕಂಬ, ಬಳ್ಳಿ ಬಿಡಿಸಿದ ಪರದೆ. ಕುರ್ಚಿಯಲ್ಲಿ ಅಜ್ಜ. ಒಂದು ಬದಿಯಲ್ಲಿ ಅಜ್ಜಿ ನಿಂತಿದ್ದಾರೆ, ಕೈಯಲ್ಲಿ ಅಪ್ಪನ ಕೈ. ಇನ್ನೊಂದು ಬದಿಯಲ್ಲಿ ಉದ್ದ ಲಂಗ ಹಾಕಿದ ದೊಡ್ಡತ್ತೆ. ಅಜ್ಜಿಯ ಮುಖ ನೋಡಿದ ಕೂಡಲೇ ಗೊತ್ತಾಯಿತು, ಗೋಡೆಯ ಫೋಟೊ ಇದರಿಂದಲೇ ತೆಗೆದದ್ದು. ಅದೇ ರೀತಿ ತಲೆ ಸ್ವಲ್ಪ ವಾಲಿದೆ. ಹೆಗಲ ಮೇಲೆ ಸೆರಗಿನ ಅದೇ ಎರಡು ಮಡಿಕೆ. ಕಿವಿಯ ಹತ್ತಿರ ಜಾರಿದ ಅದೇ ಕೂದಲು. ಕೊರಳಲ್ಲಿ ಮಾತ್ರ ಸರ ಇಲ್ಲ. ಕರಿಮಣಿ ಒಂದು ಬಿಟ್ಟರೆ ಏನೂ ಇಲ್ಲ.

ಗೋಡೆಯ ಫೋಟೊವನ್ನು ಫ್ರೇಮಿನಿಂದ ಬಿಡಿಸಿ, ಕಿಟಕಿಯ ಹತ್ತಿರ ತಂದು, ಓರೆಯಾಗಿ ಹಿಡಿದು ನೋಡಿದೆ. ಬೆಳಕು ಬದಿಯಿಂದ ಬಿದ್ದಾಗ ಸರ ಮೇಲೆದ್ದು ಬಂತು. ಒಂದೊಂದು ಪವನಿನ ಸುತ್ತ ಕುಂಚದ ಗೆರೆ. ಕಾಗದದ ಹೊಳಪು ಬೇರೆ, ಬಣ್ಣದ ಹೊಳಪು ಬೇರೆ. ಒಂದು ಕಡೆ ಬಣ್ಣ ಚೂರು ಎದ್ದು, ಅದರ ಅಡಿಯಲ್ಲಿ ಅಜ್ಜಿಯ ಬರಿ ಕೊರಳು ಕಾಣುತ್ತದೆ. ಆ ಕಾಲದ ಸ್ಟುಡಿಯೋಗಳಲ್ಲಿ ಇದು ಮಾಮೂಲಿ ಕೆಲಸ. ಗುಂಪಿನಿಂದ ಒಬ್ಬರನ್ನು ಬಿಡಿಸಿ ದೊಡ್ಡದು ಮಾಡುವುದು, ಪೆನ್ಸಿಲು ಕುಂಚ ಹಿಡಿದು ಕಣ್ಣು, ಹುಬ್ಬು, ಸೀರೆಯ ಅಂಚು ತಿದ್ದುವುದು, ಕೇಳಿದವರಿಗೆ ಒಡವೆ ಹಾಕಿಕೊಡುವುದು.

ದೊಡ್ಡತ್ತೆಗೆ ಈಗ ತೊಂಬತ್ತರ ಹತ್ತಿರ. ಎರಡೂ ಫೋಟೊ ತೋರಿಸಿದೆ. ತುಂಬ ಹೊತ್ತು ಚಿಕ್ಕದನ್ನೇ ನೋಡಿದರು. "ಅಮ್ಮನ ಹತ್ರ ಎಲ್ಲಿತ್ತು ಮಗಾ ಚಿನ್ನ? ಗೇಣಿ ಅಕ್ಕಿ ಕೊಟ್ಟು ಉಳಿದದ್ದರಲ್ಲಿ ಊಟ ಆದರೆ ಸಾಕಿತ್ತು. ಅಪ್ಪನೇ ಹೇಳಿ ಹಾಕಿಸಿದ್ದು ಇರಬೇಕು. ಬರಿ ಕೊರಳಲ್ಲಿ ಗೋಡೆಗೆ ಹಾಕ್ಲಿಕ್ಕೆ ಮನಸ್ಸು ಬರಲಿಲ್ಲವೋ ಏನೋ" ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, "ನನ್ನ ಹತ್ರ ಯಾರು ಕೇಳಿದ್ರು?" ಚಿಕ್ಕಮ್ಮ ತೀರಿಹೋಗಿದ್ದಾರೆ. ಅವರ ಮಗಳಿಗೆ ಎರಡೂ ಫೋಟೊ ಕಳಿಸಿದೆ. "ಅಮ್ಮ ಇರುವಾಗ ಇದು ಸಿಗಬೇಕಿತ್ತು ಅಕ್ಕ" ಎಂದಳು. ನನಗೂ ಅದೇ ಅನ್ನಿಸುತ್ತಾ ಇದೆ.

ಈಗ ಬಾವ ಹೇಳಿದ ಹಾಗೆ ಮಾಡಿದ್ದರೆ? ಗೋಡೆಯ ಫೋಟೊ ಸ್ಕ್ಯಾನ್ ಆಗುತ್ತಿತ್ತು. ಸ್ಕ್ಯಾನರ್ ಬೆಳಕಿನಲ್ಲಿ ಆ ಕುಂಚದ ಗೆರೆ ಹೆಚ್ಚುಕಡಿಮೆ ಮಾಯ. ನಾನು ಮಾಡಿ ನೋಡಿದ್ದೇನೆ, ಸರ ನಿಜವಾದ ಸರದ ಹಾಗೇ ಕಾಣುತ್ತದೆ. ಸ್ಕ್ಯಾನ್ ಎಂದರೆ ಇವತ್ತು ನಮಗೆ ಏನು ಬೇಕು ಅನ್ನಿಸುತ್ತದೋ ಅಷ್ಟನ್ನು ತೆಗೆದಿಡುವುದು. ನಾಳೆ ಯಾರಿಗೋ ಬೇರೆ ಪ್ರಶ್ನೆ ಹುಟ್ಟಿದರೆ ಉತ್ತರ ಇರುವುದು ಕಾಗದದಲ್ಲಿ. ನನ್ನ ವಾದ ಇಷ್ಟೇ. ಸ್ಕ್ಯಾನ್ ಮಾಡಿ, ಖಂಡಿತ ಮಾಡಿ. ಆದರೆ ಬಿಸಾಡುವುದಕ್ಕಾಗಿ ಮಾಡಬೇಡಿ.

ಫೋಟೊದ ಹಿಂಬದಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕಾಗದದ ಹಿಂದುಮುಂದು ನೋಡುವುದು ಅಭ್ಯಾಸ. ಅಜ್ಜಿಯ ಆ ಚಿಕ್ಕ ಫೋಟೊದ ಹಿಂದೆ ಪೋಸ್ಟ್ ಕಾರ್ಡ್ ಎಂದು ಅಚ್ಚಾಗಿದೆ, ಮಧ್ಯದಲ್ಲಿ ಗೆರೆ, ಮೂಲೆಯಲ್ಲಿ ಸ್ಟಾಂಪ್ ಅಂಟಿಸುವ ಚೌಕ. ಆಗ ಫೋಟೊ ಪೇಪರೇ ಹಾಗೆ ಬರುತ್ತಿತ್ತು, ತೊಳೆಸಿ ನೇರ ಅಂಚೆಗೆ ಹಾಕಬಹುದಿತ್ತು. ಪೆನ್ಸಿಲಿನಲ್ಲಿ 1946 ಎಂದು ಬರೆದು, ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಜ್ಜನ ತಮ್ಮನ ಹೆಸರು ಬರೆದಿದ್ದಾರೆ. ಸ್ಟಾಂಪ್ ಅಂಟಿಸಿಲ್ಲ. ಯಾಕೆ ಕಳಿಸಲಿಲ್ಲವೋ.

ಸ್ಟುಡಿಯೋದ ಸೀಲು ಇದ್ದರೆ ಕಾಲ ಹೇಳಲಿಕ್ಕೆ ಅದು ತುಂಬ ಉಪಕಾರಕ್ಕೆ ಬರುತ್ತದೆ. ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಸೀಲಿನಲ್ಲಿ ಉಡುಪಿ 576101 ಎಂದಿದ್ದರೆ ಆ ಪ್ರಿಂಟು ಅದಕ್ಕಿಂತ ಹಿಂದಿನದ್ದು ಆಗಲಿಕ್ಕೇ ಸಾಧ್ಯವಿಲ್ಲ. ಮೈಸೂರು ಸ್ಟೇಟ್ ಎಂದಿದ್ದರೆ ಆ ಸೀಲು ಮಾಡಿಸಿದ್ದು 1956ರ ನವೆಂಬರಿಗೂ 1973ರ ನವೆಂಬರಿಗೂ ನಡುವೆ. ಯಾಕೆಂದರೆ 1956ರವರೆಗೆ ಉಡುಪಿ ಕಡೆಯ ನಾವು ಮದ್ರಾಸ್ ರಾಜ್ಯದವರು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. ಉಡುಪಿ ಜಿಲ್ಲೆ ಎಂದಿದ್ದರೆ 1997ರ ನಂತರದ್ದು. ಆದರೆ ಒಂದು ಎಚ್ಚರಿಕೆ ಬೇಕು. ಹಳೆ ಸೀಲನ್ನು ಯಾರೂ ಸವೆಯುವ ಮೊದಲು ಬಿಸಾಡುವುದಿಲ್ಲ. ಹಾಗಾಗಿ ಸೀಲು ನೋಡಿ ಇದಕ್ಕಿಂತ ಹಳೆಯದಲ್ಲ ಎಂದು ಹೇಳಬಹುದು, ಇದಕ್ಕಿಂತ ಹೊಸದಲ್ಲ ಎಂದು ಹೇಳಲಿಕ್ಕಾಗುವುದಿಲ್ಲ.

ಹಾಗಾಗಿ ಪ್ರತಿ ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿದ್ದೇನೆ. ಒಂದೇ ನಂಬರು, ಮುಂದೆ ಒಂದು, ಹಿಂದೆ ಒಂದು. ಹಿಂದೆ ಏನೂ ಬರೆಯದಿದ್ದರೂ ಸರಿ. ಅಂಗಡಿಯಲ್ಲಿ ಕೊಟ್ಟು ಮಾಡಿಸುವವರು ಇದನ್ನು ಮೊದಲೇ ಹೇಳಿ. ಹೇಳದಿದ್ದರೆ ಮುಂಬದಿ ಮಾತ್ರ ಮಾಡಿ ಕೊಡುತ್ತಾರೆ.

ನಮ್ಮೂರಿನ ಹವೆಯ ವಿಷಯಕ್ಕೆ ಬರುತ್ತೇನೆ. ಕಾಗದ ಇಟ್ಟುಕೊಳ್ಳಿ ಎನ್ನುವುದು ಸುಲಭ, ಉಡುಪಿ ಮಂಗಳೂರಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಸುಲಭ ಅಲ್ಲ. ಫೋಟೊದ ಮೇಲಿನ ಪದರ ಜೆಲಾಟಿನ್. ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು. ಅದು ಬೂಸ್ಟಿಗೂ ಆಹಾರ, ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೂ ಆಹಾರ. ಗಾಳಿಯ ತೇವ ನೂರಕ್ಕೆ ಅರವತ್ತೈದು ದಾಟಿದರೆ ಬೂಸ್ಟು ಬೆಳೆಯಲಿಕ್ಕೆ ಶುರು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಅದು ಎಂಬತ್ತು ತೊಂಬತ್ತರಲ್ಲೇ ಇರುತ್ತದೆ. ಬೀರುವಿನ ಚರ್ಮದ ಬೆಲ್ಟಿಗೇ ಬೂಸ್ಟು ಬರುವ ಊರಿನಲ್ಲಿ ಫೋಟೊ ಬಿಡುತ್ತದಾ?

ಬೂಸ್ಟು ಬಂದ ಫೋಟೊವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬೂಸ್ಟು ತಿಂದ ಜೆಲಾಟಿನ್ ನೀರಿಗೆ ಕರಗುತ್ತದೆ, ಮುಖವೇ ಬಟ್ಟೆಗೆ ಬಂದುಬಿಡುತ್ತದೆ. ಒಣಗಿದ ಮೇಲೆ, ಮನೆಯ ಹೊರಗೆ ಕೂತು, ಮೂಗಿಗೆ ಮಾಸ್ಕ್ ಹಾಕಿ, ಮೆತ್ತನೆ ಕುಂಚದಲ್ಲಿ ಹಗುರವಾಗಿ ಕೊಡವಬೇಕು. ಮಳೆ ಮುಗಿದ ಮೇಲೆ ಹಾಸಿಗೆ ಬಟ್ಟೆಯ ಜತೆ ಫೋಟೊಗಳನ್ನೂ ಬಿಸಿಲಿಗೆ ಹಾಕುವ ಪದ್ಧತಿ ಕೆಲವರ ಮನೆಯಲ್ಲಿ ಉಂಟು. ಅದೂ ಬೇಡ. ಜೆಲಾಟಿನ್ ಒಮ್ಮೆಲೇ ಒಣಗಿ ಫೋಟೊ ಸುರುಳಿ ಸುತ್ತುತ್ತದೆ, ಬಣ್ಣದ್ದಾದರೆ ಬಣ್ಣವೂ ಹೋಗುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಸಾಕು.

ಅಜ್ಜನ ಫೋಟೊ ಫ್ರೇಮಿನ ಗಾಜಿಗೇ ಅಂಟಿಹೋಗಿದೆ. ಮಳೆಗಾಲದಲ್ಲಿ ಗೋಡೆ ಒಸರಿ ಜೆಲಾಟಿನ್ ಮೆತ್ತಗಾಗಿ ಗಾಜಿಗೆ ಹಿಡಿದದ್ದು. ಅದನ್ನು ಎಳೆಯಲಿಕ್ಕೆ ಹೋಗಲೇ ಇಲ್ಲ. ಗಾಜು ಸಮೇತ ಸ್ಕ್ಯಾನ್ ಮಾಡಿದೆವು. ಇಲ್ಲಿ ಒಂದು ವಿಷಯ ತಿಳಿದಿರಬೇಕು. ತೆಳ್ಳಗಿನ, ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಸ್ಕ್ಯಾನರ್‌ಗಳು ಹೆಚ್ಚಾಗಿ ಸಿಐಎಸ್ ಮಾದರಿಯವು. ಗಾಜಿಗೆ ತಾಗಿಕೊಂಡಿರುವುದು ಮಾತ್ರ ಅವುಗಳಿಗೆ ಸ್ಪಷ್ಟ ಕಾಣುತ್ತದೆ, ಸ್ವಲ್ಪ ಮೇಲಿದ್ದರೂ ಮಸುಕು. ಸಿಸಿಡಿ ಮಾದರಿಯ ದಪ್ಪ ಸ್ಕ್ಯಾನರ್ ಇದ್ದರೆ ಫ್ರೇಮಿನ ಗಾಜಿನ ಹಿಂದೆ ಇರುವುದೂ ಚೆನ್ನಾಗಿ ಬರುತ್ತದೆ. ಅಂಥದ್ದು ಸಿಗದಿದ್ದರೆ ಮೊಬೈಲಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೆರಳಿನ ಬೆಳಕಿನಲ್ಲಿ, ನೇರ ಮೇಲಿನಿಂದ ತೆಗೆಯಬಹುದು.

ಉಳಿದದ್ದಕ್ಕೆ ನಾನು ಇಟ್ಟುಕೊಂಡ ಲೆಕ್ಕ ಇದು. ಸಾಧಾರಣ ಪ್ರಿಂಟುಗಳಿಗೆ 600 ಡಿಪಿಐ, ಅಂದರೆ ಒಂದು ಇಂಚಿಗೆ 600 ಚುಕ್ಕೆ. ಪಾಸ್‌ಪೋರ್ಟ್ ಸೈಜಿನವಕ್ಕೆ 1200. ಮೂಲ ಫೈಲು ಟಿಫ್ (ವಿವರ ಕಳೆಯದೆ ಇಡುವ ದೊಡ್ಡ ಫೈಲು), ಹಂಚಲಿಕ್ಕೆ ಜೆಪೆಗ್ (ಕುಗ್ಗಿಸಿದ ಚಿಕ್ಕ ಫೈಲು). ನಾಲ್ಕು ಆರು ಇಂಚಿನ ಬಣ್ಣದ ಫೋಟೊ 600ರಲ್ಲಿ ಟಿಫ್ ಮಾಡಿದರೆ ಸುಮಾರು 26 ಎಂಬಿ ಆಗುತ್ತದೆ. ವಾಟ್ಸ್ಯಾಪಿನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ನೆಂಟರಿಗೆ ಕಳಿಸಿದ್ದೇ ನಮ್ಮ ಕಾಪಿ ಎಂದುಕೊಂಡು ಕೂರಬೇಡಿ.

ಅಪ್ಪನ ಡಬ್ಬ ತೆರೆದಾಗ ಹುಳಿ ವಾಸನೆ ಬಂತು. ವಿನೆಗರ್ ತರದ್ದು. ಹಳೆ ಫಿಲ್ಮಿನ ಪ್ಲಾಸ್ಟಿಕ್ಕು ಅಸಿಟೇಟ್, ಸೆಖೆ ಮತ್ತು ತೇವಕ್ಕೆ ಕೊಳೆಯುತ್ತಾ ಹೋಗುತ್ತದೆ. ಕುಗ್ಗುತ್ತದೆ, ಸೊಟ್ಟಗಾಗುತ್ತದೆ, ಹತ್ತಿರ ಇದ್ದದ್ದನ್ನೂ ಕೆಡಿಸುತ್ತದೆ. ವಾಸನೆ ಬಂತು ಎಂದರೆ ತಡಮಾಡಬಾರದು. ವಾಸನೆ ಬಂದವನ್ನು ಬೇರೆ ಮಾಡಿ ಮೊದಲು ಅವನ್ನೇ ಸ್ಕ್ಯಾನ್ ಮಾಡಿದೆವು. ಅಪ್ಪನ ಹತ್ತಿರ ಇದ್ದದ್ದು ಅಗ್ಫಾ ಕ್ಲಿಕ್ ತ್ರೀ. ಒಂದು ರೋಲಿಗೆ ಹನ್ನೆರಡು ಚೌಕ ಫೋಟೊ. ಕ್ಯಾಮರಾ ಸಾದಾ, ಆದರೆ ನೆಗೆಟಿವ್ ದೊಡ್ಡದು. 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದಾಗ ಪ್ರಿಂಟಿನಲ್ಲಿ ಎಂದೂ ಕಾಣದ್ದೆಲ್ಲ ಕಂಡಿತು. ಪ್ರಿಂಟ್ ಇದೆಯಲ್ಲ ಅಂತ ನೆಗೆಟಿವ್ ಬಿಸಾಡುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲಕ್ಕಿಂತ ಮೊದಲು ಇಟ್ಟುಕೊಳ್ಳಬೇಕಾದದ್ದೇ ಅದು.

(ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇದ್ದವರು ಫೋಟೊಗಿಂತ ಮೊದಲು ಅದನ್ನು ಮಾಡಿಸಿ. ಅದರ ಪ್ಲೇಯರ್ ತಯಾರಿಸುತ್ತಿದ್ದ ಕೊನೆಯ ಕಂಪನಿ 2016ರಲ್ಲೇ ನಿಲ್ಲಿಸಿಬಿಟ್ಟಿದೆ.)

ಅಣ್ಣನ ಮಗ ಅಜ್ಜಿಯ ಗೋಡೆ ಫೋಟೊವನ್ನು ಒಂದು ಎಐ ಆ್ಯಪಿಗೆ ಹಾಕಿ ಬಣ್ಣ ಬರಿಸಿ ಕಳಿಸಿದ. ಕೆನ್ನೆ ನುಣ್ಣಗಾಗಿದೆ, ಕಣ್ಣು ಹೊಳೆಯುತ್ತದೆ. ಬಿಡಿಸಿದ ಸರಕ್ಕೆ ಚಿನ್ನದ ಬಣ್ಣವನ್ನೇ ಕೊಟ್ಟಿದೆ. ಗ್ರೂಪಿನಲ್ಲಿ ಎಲ್ಲರಿಗೂ ಖುಷಿ ಆಯಿತು. ನನಗೆ ಅದು ಅಜ್ಜಿ ಅನ್ನಿಸಲೇ ಇಲ್ಲ. ಅವನಿಗೆ ಬೇಜಾರಾಗದ ಹಾಗೆ ಹೇಳಿದೆ, "ಇದನ್ನೂ ಇಡುವ ಮಗಾ, ಆದರೆ ಬೇರೆ ಫೋಲ್ಡರಿನಲ್ಲಿ, ಎಐ ಎಂದು ಹೆಸರು ಹಾಕಿ." ಒಪ್ಪಿದ. ಅಜ್ಜ ಸರ ಹಾಕಿಸಿದ್ದು ಅವರ ಪ್ರೀತಿ, ಈ ಹುಡುಗ ಬಣ್ಣ ಹಾಕಿದ್ದು ಇವನ ಪ್ರೀತಿ. ಎರಡೂ ಇರಲಿ. ಆದರೆ 1946ರ ಆ ಫೋಟೊದ ಜಾಗಕ್ಕೆ ಇವು ಬರಬಾರದು.

ಹಾಗಾದರೆ ಏನನ್ನೂ ಬಿಸಾಡಲೇ ಇಲ್ಲವಾ? ಬಿಸಾಡಿದೆ, ಸಾಕಷ್ಟು. ಒಂದೇ ಫೋಟೊದ ಮೂರು ನಾಲ್ಕು ಕಾಪಿ ಇದ್ದದ್ದು. ಊಟಿಯ ಹೂವಿನ ತೋಟ. ಯಾರ ಮುಖವೂ ಕಾಣದ ಮದುವೆ ಹಾಲಿನ ಫೋಟೊಗಳು. ಬೇರೆಯವರ ಮದುವೆ ಫೋಟೊಗಳನ್ನು ಬಿಸಾಡುವ ಬದಲು ಅವರವರಿಗೇ ಕಳಿಸಿಕೊಟ್ಟೆ. ಅದು ಒಳ್ಳೆಯದೇ ಆಯಿತು. ಒಬ್ಬರಂತೂ ತಮ್ಮ ಮದುವೆಯ ಆಲ್ಬಮ್ಮೇ ಮಳೆನೀರಿಗೆ ಹೋಗಿ ಏನೂ ಉಳಿದಿರಲಿಲ್ಲ ಎಂದರು.

ಆದರೆ ಬಿಸಾಡುವ ಮೊದಲು ಫೋಟೊದೊಳಗೆ ಜನರ ಹಿಂದೆ ಏನು ಕಾಣುತ್ತದೆ ಎಂದು ನೋಡಿ. ಅಪ್ಪ ತೆಗೆದ ಒಂದು ಫೋಟೊದಲ್ಲಿ ನಾವು ಮಕ್ಕಳು ಓಡಿ ಎಲ್ಲ ಮಸುಕಾಗಿದ್ದೇವೆ. ಯಾರು ಯಾರೆಂದೇ ತಿಳಿಯುವುದಿಲ್ಲ. ನಮ್ಮ ಹಿಂದೆ ಅಂಗಳ ಮಾತ್ರ ಸ್ಪಷ್ಟ. ಅಲ್ಲಿ ಸಾಲಾಗಿ ಅಕ್ಕಿ ಮುಡಿಗಳು, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ್ದು, ಧಣಿಗಳ ಮನೆಗೆ ಹೋಗಬೇಕಾದ ಗೇಣಿ ಅಕ್ಕಿ. 1974ರ ಭೂಮಸೂದೆಯಲ್ಲಿ ಗದ್ದೆ ನಮ್ಮದೇ ಆಯಿತು, ಆಮೇಲೆ ಮುಡಿ ಹೊರುವ ಕೆಲಸ ಇಲ್ಲ. ಮುಡಿ ಕಟ್ಟಲಿಕ್ಕೆ ಬರುವವರೂ ಈಗ ಊರಿನಲ್ಲಿ ಕಡಿಮೆ. ನಮ್ಮ ಮನೆಯವರು ಗೇಣಿ ಒಕ್ಕಲು ಆಗಿದ್ದರು ಎನ್ನುವುದಕ್ಕೆ ನನ್ನ ಹತ್ತಿರ ಇರುವ ಒಂದೇ ಚಿತ್ರ ಅದು. ಮೊದಲ ಸಲ ಆರಿಸುವಾಗ ತಮ್ಮ ಅದನ್ನು ಬಿಸಾಡುವ ರಾಶಿಗೆ ಹಾಕಿದ್ದ.

ಈಗ ಎಲ್ಲಿಟ್ಟಿದ್ದೇವೆ ಎಂದರೆ, ಕಾಗದದ ಫೋಟೊಗಳೆಲ್ಲ ಉಡುಪಿಯ ನನ್ನ ಮನೆಯಲ್ಲಿ, ನಡುಕೋಣೆಯ ಸ್ಟೀಲ್ ಕಪಾಟಿನಲ್ಲಿ. ಹೊರಗೋಡೆಗೆ ತಾಗಿದ ಕಪಾಟು ಬೇಡ, ಮಳೆಗಾಲದಲ್ಲಿ ಆ ಗೋಡೆ ತಣ್ಣಗಾಗಿ ತೇವ ಹಿಡಿಯುತ್ತದೆ. ಅಟ್ಟವೂ ಬೇಡ, ಸೆಖೆ ಜಾಸ್ತಿ. ಅಂಟುವ ಪುಟಗಳಿರುವ ಎಂಬತ್ತರ ದಶಕದ ಆಲ್ಬಮ್ಮಿನಿಂದ ಫೋಟೊ ಬಿಡಿಸಲಿಕ್ಕೆ ಹಲ್ಲಿನ ಸಂದಿ ಉಜ್ಜುವ ದಾರ, ಮೇಣ ಇಲ್ಲದ್ದು, ಫೋಟೊದ ಅಡಿಯಿಂದ ಮೆಲ್ಲ ಗರಗಸದ ಹಾಗೆ ಎಳೆದರೆ ಬರುತ್ತದೆ. ಬಾರದಿದ್ದರೆ ಪುಟ ಸಮೇತ ಇಟ್ಟುಬಿಡಿ. ಒಂದೊಂದನ್ನೂ ಕಾಗದದ ಲಕೋಟೆಗೆ ಹಾಕಿ, ಮುಚ್ಚಳ ಬಿಗಿಯಾಗಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆ ಇಟ್ಟಿದ್ದೇನೆ. ಸಿಲಿಕಾ ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ತಿರುಗಿ ಹಾಕಬಹುದು.

ಸ್ಕ್ಯಾನುಗಳು ಎರಡು ಹಾರ್ಡ್ ಡಿಸ್ಕಿನಲ್ಲಿವೆ. ಒಂದು ನನ್ನ ಹತ್ತಿರ, ಇನ್ನೊಂದು ಮಂಗಳೂರಿನಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ. ಮೂರನೆಯದು ಕ್ಲೌಡಿನಲ್ಲಿ. ಗೂಗಲ್ ಫೋಟೋಸ್ 2021ರ ಜೂನ್‌ನಿಂದ ಎಲ್ಲವನ್ನೂ 15 ಜಿಬಿಯ ಲೆಕ್ಕಕ್ಕೆ ಹಿಡಿಯುತ್ತದೆ, ನಮ್ಮ ಟಿಫ್‌ಗಳಿಗೆ ಅದು ಸಾಲದು. ತಮ್ಮ ವರ್ಷ ವರ್ಷ ದುಡ್ಡು ಕಟ್ಟುತ್ತಾನೆ. ಇಲ್ಲೂ ಒಂದು ಮಾತು ಬಾವನಿಗೆ ಹೇಳಿದೆ. ಫೋಟೊ ಟ್ರಂಕಿನಲ್ಲಿ ಯಾರೂ ಮುಟ್ಟದೆ ಎಪ್ಪತ್ತೆಂಬತ್ತು ವರ್ಷ ಬದುಕಿದೆ. ಹಾರ್ಡ್ ಡಿಸ್ಕನ್ನು ಹತ್ತು ವರ್ಷ ಯಾರೂ ಮುಟ್ಟದಿದ್ದರೆ ಅದು ತೆರೆಯುತ್ತದೆ ಎಂಬ ಧೈರ್ಯ ಇಲ್ಲ. ಆಗ ಅವರೂ ಹೂಂ ಎಂದರು.

ಅದಕ್ಕೆ ಒಂದು ವ್ಯವಸ್ಥೆ ಮಾಡಿದ್ದೇವೆ. ಪರ್ಯಾಯಕ್ಕೆ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವಕ್ಕೆ, ಹೇಗೂ ಎಲ್ಲರೂ ಉಡುಪಿಗೆ ಬರುತ್ತಾರೆ. ಎರಡು ವರ್ಷಕ್ಕೊಮ್ಮೆ, ಜನವರಿ 18, ಗಾಳಿ ಒಣಗಿರುವ ಕಾಲ. ಡಬ್ಬ ತೆರೆದು ಬೂಸ್ಟು ಬಂದಿದೆಯಾ ನೋಡುವುದು, ಸಿಲಿಕಾ ಜೆಲ್ ಬದಲಿಸುವುದು, ಎರಡೂ ಡಿಸ್ಕ್ ಹಾಕಿ ನೋಡುವುದು, ಹಳತಾಗಿದ್ದರೆ ಹೊಸದಕ್ಕೆ ಕಾಪಿ ಮಾಡುವುದು. ಈ ಕೆಲಸ ಅಣ್ಣನ ಮಗ ವಹಿಸಿಕೊಂಡಿದ್ದಾನೆ.

ಹೆಸರು ಬರೆಯುವ ಕೆಲಸ ಇನ್ನೂ ನಡೆಯುತ್ತಾ ಇದೆ. ಬಾಲ್‌ಪೆನ್ನು ಬೇಡ, ಒತ್ತಿದರೆ ಮುಂಬದಿಗೆ ಮೂಡುತ್ತದೆ. ಮೆತ್ತನೆ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಹಗುರವಾಗಿ ಬರೆಯುತ್ತೇನೆ. ಶನಿವಾರ ಮಧ್ಯಾಹ್ನ ದೊಡ್ಡತ್ತೆಯ ಮನೆಗೆ ಹೋಗುತ್ತೇನೆ. ಅವರಿಗೆ ಟ್ಯಾಬಿನಲ್ಲಿ ದೊಡ್ಡದು ಮಾಡಿ ತೋರಿಸಿದರೆ ಮುಖ ಗುರುತು ಸಿಗುತ್ತದೆ, ಕೈಗೆ ಕಾಗದ ಕೊಟ್ಟರೆ ಮಾತು ಬರುತ್ತದೆ. ಹಾಗಾಗಿ ಎರಡನ್ನೂ ತೆಗೆದುಕೊಂಡು ಹೋಗುತ್ತೇನೆ. ಕಳೆದ ಸಲ ಮುಂಬೈಯ ಹೋಟೆಲಿನ ಎದುರು ನಿಂತ ಹುಡುಗರ ಫೋಟೊದಲ್ಲಿ ಅಜ್ಜನ ತಮ್ಮನನ್ನು ಗುರುತಿಸಿದರು. ಆ ಕಾರ್ಡ್ ಯಾಕೆ ಕಳಿಸಲಿಲ್ಲ ಎಂದು ಈ ಸಲ ಕೇಳಬೇಕು.